ಅತ್ಯಾ ಅಂತಿದ್ರು

ನನ್ನ ಕಂಪ್ಯೂಟರ್ ಕ್ಲಾಸಿಗೆ ಹೆಸರು ಹಚ್ಚಲು ಬಂದವರೆಲ್ಲ ಏನಾದರೊಂದು ದೊಡ್ಡ ಕಾರಣ ಹೇಳುತ್ತಿದ್ದರು. ಮುಂದಿನ ಕಾಲವೇ ಕಂಪ್ಯೂಟರಿನದು ಅಂತ ಒಬ್ಬ, ಗುಲಬರ್ಗಾದಲ್ಲಿ ನೌಕರಿ ಗ್ಯಾರಂಟಿ ಅಂತ ಇನ್ನೊಬ್ಬ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದವರು ಸರಸ್ವತಿಬಾಯಿ ಒಬ್ಬರೇ.

"ಮನ್ಯಾಗ ಸಪ್ಪಳನ ಇಲ್ಲವಾ. ಹಾದ್ಯಾಗ ಹೊಂಟಿದ್ದೆ, ಇಲ್ಲಿ ಕಟಾಕಟಾ ಕೇಳಿಸ್ತು. ಮ್ಯಾಲ ಬಂದೆ," ಅಂದರು.

"ಟೈಪಿಂಗ್ ಕ್ಲಾಸ್ ಅಲ್ರಿ ಬಾಯಾರ ಇದು. ಪ್ರೋಗ್ರಾಮಿಂಗ್ ಕಲಸ್ತೇನಿ."

"ಏನರೆ ಕಲಸವಾ. ಸಪ್ಪಳ ಅಂತೂ ಅದ ಅಲ್ಲ?"

ಅದು ತೊಂಬತ್ತೇಳರ ಮಾತು. ನಾನು ಶಮ್ಸುನ್ನಿಸಾ. ಗುಲಬರ್ಗಾದಲ್ಲಿ ಡಿಪ್ಲೊಮಾ ಮುಗಿಸಿ ಬಂದು, ಆಳಂದದ ಬಸ್ ಸ್ಟ್ಯಾಂಡಿನ ಹಿಂದೆ ನಮ್ಮ ಅಬ್ಬಾ ಶರಫುದ್ದೀನರ ಟೈರ್ ಅಂಗಡಿಯ ಮಾಳಿಗೆಯ ಮೇಲೆ ಕ್ಲಾಸು ತೆಗೆದಿದ್ದೆ. ಕೆಳಗೆ ಖಜೂರಿ ಕಡೆಯಿಂದ ಬಂದ ಲಾರಿಗಳ ಪಂಕ್ಚರ್, ಮೇಲೆ ಸಿ ಪ್ಲಸ್ ಪ್ಲಸ್. ಸುಟ್ಟ ರಬ್ಬರಿನ ವಾಸನೆ ಕುಡಿಯುತ್ತಲೇ ನಮ್ಮ ಹುಡುಗರು ಆ ಕಂಪ್ಯೂಟರ್ ಭಾಷೆ ಕಲಿತರು. ಮಷೀನುಗಳು ಸೊಲ್ಲಾಪುರದ ಯಾವುದೋ ಆಫೀಸಿನವರು ಹಳೆಯವಾದವು ಅಂತ ಕೈಬಿಟ್ಟವು. ಅವುಗಳ ಮೇಲೆ ಬರುವ ಸಿಟ್ಟನ್ನು ನಾನು ಹುಡುಗರ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಸಿಟ್ಟು ನನಗೆ ಈಗಲೂ ಬೇಗ ಬರುತ್ತದೆ, ಅದರಲ್ಲೇನು ಮುಚ್ಚುಮರೆ.

ಸರಸ್ವತಿಬಾಯಿ ಮಾದನಹಿಪ್ಪರಗಾದ ಸಾಲಿಯಲ್ಲಿ ಒಂದನೇ ಇಯತ್ತೆಯ ಟೀಚರಾಗಿ ದಿನಾ ಆಳಂದದಿಂದ ಬಸ್ಸಿನಲ್ಲಿ ಹೋಗಿ ಬಂದು, ರಿಟೈರಾದವರು; ಹಾಗಾಗಿ ಎಲ್ಲರಿಗೂ ಬಾಯಾರು. ಎರಡನೇ ಇಯತ್ತೆ ಅವರು ಎಂದೂ ಕಲಿಸಲಿಲ್ಲ. ಆ ಊರಿನ ಮಕ್ಕಳು ಅಕ್ಷರ ತಿದ್ದಿದ್ದು ಅವರ ಕೈಯಲ್ಲಿ. ಪಾಟಿಯ ಮೇಲೆ ಅವರು ಒಂದು ದೊಡ್ಡ ಅಕ್ಷರ ಬರೆದು ಕೊಡುತ್ತಿದ್ದರು. ಮಗು ಅದರ ಮೇಲೆಯೇ ಬಳಪ ಆಡಿಸಿ ಆಡಿಸಿ, ಅಕ್ಷರ ಕಂಬಳಿಹುಳದಷ್ಟು ದಪ್ಪ ಆಗುವ ತನಕ ತಿದ್ದಬೇಕು. ದಿನಾ ಮೊದಲು ಶ್ರೀಕಾರ ತಿದ್ದಿ, ಆಮೇಲೆ ಮುಂದಕ್ಕೆ ಹೋಗಿ ಹೊಸ ಅಕ್ಷರ. ನನ್ನ ಕ್ಲಾಸಿಗೆ ಬರುತ್ತಿದ್ದ ಕೆಲವರು ಅವರ ಕೈಯಲ್ಲಿ ತಿದ್ದಿದವರೇ ಆಗಿದ್ದರು. ಬಾಯಾರು ಒಳಗೆ ಬಂದ ಕೂಡಲೇ ಮೀಸೆ ಬಂದ ಗಂಡಸರೆಲ್ಲ ಎದ್ದು ನಿಲ್ಲುತ್ತಿದ್ದರು. ನಾನು ಬಂದರೆ ಯಾರೂ ಏಳುತ್ತಿರಲಿಲ್ಲ.

ಅವರ ಗಂಡ ವಾಮನರಾಯರು ಮದುವೆಯಾದ ಕೆಲವೇ ವರ್ಷಕ್ಕೆ ಕಾಮಣಿ ರೋಗವಾಗಿ ತೀರಿಹೋದರು. ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದವರು ಇಬ್ಬರೇ, ಇವರು ಮತ್ತು ಅತ್ತೆ ಮಥುರಾಬಾಯಿ. ಇಬ್ಬರು ಹೆಂಗಸರು, ಒಂದು ಒಲೆ, ಒಂದು ಬಾಯಿ. ಆ ಬಾಯಿ ಅತ್ತೆಯದು. ಬೆಳಗಾದರೆ ಶುರು. ಸಾರಿಗೆ ಉಪ್ಪು ಜಾಸ್ತಿಯಾದರೆ "ಉಪ್ಪಿನ ಗುಡ್ಡ ನಿಮ್ಮಪ್ಪನ ಮನಿ ಹಿತ್ತಲದಾಗ ಅದನೇನ?" ಬಸ್ಸು ತಡವಾದರೆ "ಊರೆಲ್ಲಾ ಅಳದು ಬಂದೇನ, ಎಷ್ಟು ಮಾರು ಆತು ಹೇಳು." ಪೇಪರ್ ಹಿಡಿದು ಕೂತರೆ "ನಿನ್ನ ಹೆಸರು ಬಂದದೇನ ಅದರಾಗ, ಅಷ್ಟು ಹುಡಕಾಕತ್ತಿ?" ಇವೆಲ್ಲ ನನಗೆ ಬಾಯಾರೇ ಹೇಳಿದ್ದು. ಓಣಿಯವರಿಗೆ ಯಾರೂ ಹೇಳಬೇಕಾಗಿರಲಿಲ್ಲ, ಗೋಡೆ ದಾಟಿ ಕೇಳಿಸುತ್ತಿತ್ತು.

ಹಿಂದಿನ ಚಳಿಗಾಲದಲ್ಲಿ ಮಥುರಾಬಾಯಿ ತೀರಿಕೊಂಡರು. ಇನ್ನಾದರೂ ಪಾಪ ಸೊಸೆಗೆ ನಾಲ್ಕು ದಿನ ಆರಾಮ ಅಂತ ಓಣಿಯವರು ಮಾತಾಡಿಕೊಂಡರು. ಆದರೆ ಸೊಸೆ ಆರಾಮಾಗಲಿಲ್ಲ. ಸಾರಿಗೆ ಉಪ್ಪು ಜಾಸ್ತಿ ಹಾಕಿಕೊಂಡು, ಹೆಚ್ಚಾಯಿತು ಅನ್ನುವವರಿಲ್ಲದೆ ಅದನ್ನೇ ಸುಮ್ಮನೆ ಉಣ್ಣುತ್ತಿದ್ದರು. ಇದನ್ನು ಅವರು ನನಗೆ ಹೇಳಿದಾಗ ನಗುತ್ತ ಹೇಳಿದರು. ನನಗೆ ನಗು ಬರಲಿಲ್ಲ.

ಕ್ಲಾಸಿನಲ್ಲಿ ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಸ್ಟ್ರಿಂಗ್ ಸ್ಟ್ರೀಮ್ ಅನ್ನುವ ಪಾಠ. ನಾನು ಅದನ್ನು ಹೀಗೆ ಹೇಳಿಕೊಟ್ಟಿದ್ದೆ: ಮಾತುಗಳನ್ನು ಒಂದರ ಹಿಂದೊಂದು ಹರಿಸಿ ಮಷೀನಿನ ಮೆಮೊರಿಯೊಳಗೆ ಒಂದು ಸಾಲು ಕಟ್ಟುತ್ತೀರಿ. ಡಿಸ್ಕಿನ ಮೇಲೆ ಏನೂ ಬೀಳುವುದಿಲ್ಲ, ಫೈಲ್ ಅನ್ನುವುದೇ ಇಲ್ಲ. ಬೇಕಾದಾಗ ಆ ಸಾಲನ್ನು ಪರದೆಯ ಮೇಲೆ ನೋಡಬಹುದು. ಪ್ರೋಗ್ರಾಂ ಮುಗಿದರೆ ಸಾಲೂ ಮುಗಿಯಿತು.

"ಅಂದ್ರ ಬಾಯಿಪಾಠ," ಅಂದರು ಬಾಯಾರು.

"ಹೌದ್ರಿ. ಮಷೀನಿನ ಬಾಯಿಪಾಠ."

ಮೆಮೊರಿಯಲ್ಲಿ ಆಗಲೇ ಇರುವ ಸಾಲಿನ ಮೇಲೆ ಮತ್ತೆ ಮೊದಲಿನಿಂದ ಬರೆದರೆ ಏನಾಗುತ್ತದೆ ಅಂತ ತೋರಿಸಲು, ಅವರು ಕಲಿಸಿದ ಊರಿನ ಹೆಸರನ್ನೇ ತೆಗೆದುಕೊಂಡೆ. ಮಾದನಹಿಪ್ಪರಗಾ ಅನ್ನುವುದರ ಮೇಲೆ ಆಳಂದ ಅಂತ ಬರೆದೆ. ಪರದೆಯ ಮೇಲೆ ಆಳಂದಹಿಪ್ಪರಗಾ ಅಂತ ಬಂತು. ಬರೆದಷ್ಟು ಅಕ್ಷರ ಬದಲಾಗಿದ್ದವು, ಉಳಿದವು ಇದ್ದಲ್ಲೇ ಇದ್ದವು. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಯಾರು ಕನ್ನಡಕ ಒರೆಸಿಕೊಂಡು ಮುಂದೆ ಬಗ್ಗಿ ನೋಡಿದರು.

"ಇದು ತಿದ್ದೋದು ಬೇ. ಜನ್ಮ ಪೂರ್ತಿ ಮಾಡೇನಿ, ನನಗ ಕಲಸ್ತೀಯೇನು?"

ಅಂದಿನಿಂದ ಅವರು ತಮ್ಮದೇ ಒಂದು ಪ್ರೋಗ್ರಾಂ ಶುರು ಮಾಡಿದರು. ದಿನಾ ಮಧ್ಯಾಹ್ನ ಮೂಲೆಯ ಮಷೀನಿಗೆ ಬಂದು, ಅತ್ತೆಯ ಬೈಗುಳಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಂದೊಂದಾಗಿ ಮೆಮೊರಿಯ ಸಾಲಿಗೆ ಕಟ್ಟುವುದು, ಕೊನೆಗೆ ಒಂದು ಕೀಲಿ ಒತ್ತಿ ಎಲ್ಲವನ್ನೂ ಪರದೆಯ ಮೇಲೆ ನೋಡುವುದು, ಮುಗಿಸಿ ಮನೆಗೆ ಹೋಗುವುದು. ಹಾಳೆಯ ಮೇಲೆ ಬರೆಯಬಾರದೇಕೆ ಅಂತ ಕೇಳಿದೆ.

"ಬರದು ನೋಡಿದೆ. ನನ್ನ ಕೈ ಮಾಸ್ತರಿಕಿ ಕೈ. ದುಂಡಗ, ಶುದ್ಧ ಬರೀತದ. ಬೈಗುಳ ಹೋಗಿ ಪಾಠ ಆಗತದ. ಇಲ್ಲಾದ್ರ ಯಾರ ಕೈನೂ ಅಲ್ಲ. ಅತ್ಯಾನ ಮಾತು ಇದ್ದಂಗ ಇರ್ತದ."

ಆಮೇಲೆ ಒಂದು ದಿನ ಅವರು ಬರೆಯುತ್ತಿರುವಾಗಲೇ ಕರೆಂಟು ಹೋಯಿತು. ನಮ್ಮೂರಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ. ಹುಡುಗರು ಓ ಅಂದು ಚಹಾಕ್ಕೆ ಇಳಿದರು. ಬಾಯಾರು ಮಾತ್ರ ಕಪ್ಪಾದ ಪರದೆಯ ಮುಂದೆ ಕೂತೇ ಇದ್ದರು. ಅತ್ತೆ ಇನ್ನೊಮ್ಮೆ ಸತ್ತಂಗಾಯಿತು ಅಂತ ಅಂದರು. ಆಮೇಲೆ, "ಶಮ್ಸೂ, ನಾ ಒಬ್ಬಾಕಿನ ಅಲ್ಲ ಇವು ಗೊತ್ತಿದ್ದಾಕಿ? ನನ್ನ ಕರೆಂಟು ಹೋದ್ರ?" ಅಂತ ಕೇಳಿದರು. ಫೈಲ್‌ನಲ್ಲಿ ಇಡ್ರಿ ಅಂದೆ.

ಫೈಲಿನ ಪಾಠ ಮರುವಾರವೇ ಇತ್ತು. ಎಲ್ಲರ ಮುಂದೆ ಬೋರ್ಡಿನ ಮೇಲೆ ಬರೆದು ಹೇಳಿದೆ: ಮೆಮೊರಿಯ ಸಾಲಿನ ಹಾಗಲ್ಲ ಇದು. ಬರೆಯಲು ಅಂತ ಫೈಲ್ ತೆಗೆದ ಕ್ಷಣದಲ್ಲೇ, ಒಂದಕ್ಷರ ಒತ್ತುವ ಮೊದಲೇ, ಒಳಗಿದ್ದದ್ದೆಲ್ಲ ಅಳಿಸಿ ಹೋಗುತ್ತದೆ. ಹಳೆಯದು ಉಳಿಯಬೇಕಾದರೆ ಸೇರಿಸಲು ಅಂತ ತೆಗೆಯಬೇಕು, ಅದಕ್ಕೆ ಅಪೆಂಡ್ ಅಂತ ಹೆಸರು. ಹುಡುಗರು ಬರೆದುಕೊಂಡರು. ಬಾಯಾರು ಬರೆದುಕೊಳ್ಳಲಿಲ್ಲ. ಬರೆಯುವುದು, ಅದರ ಮೇಲೆ ಮತ್ತೆ ಬರೆಯುವುದು, ಇವೆರಡರಲ್ಲಿ ತಮಗೆ ಹೊಸದಾಗಿ ತಿಳಿಯಬೇಕಾದ್ದೇನೂ ಇಲ್ಲ ಅಂತ ಅವರ ಮುಖದ ಮೇಲೇ ಇತ್ತು. ಟೀಚರ್‌ಗಳಿಗೆ ಪಾಠ ಹೇಳುವುದು ಎಂಥ ಕಷ್ಟ ಅಂತ ಟೀಚರ್‌ಗಳಿಗೇ ಗೊತ್ತು.

ಅವರು ತಮ್ಮ ಪ್ರೋಗ್ರಾಮನ್ನು ತಮ್ಮ ರೀತಿಯಲ್ಲೇ ಕಟ್ಟಿದರು. ದಿನಾ ಮೊದಲು ತಲೆಬರಹವನ್ನು ಅದರ ಜಾಗದಲ್ಲೇ ಮತ್ತೆ ಬರೆಯುವುದು. ತಲೆಬರಹ 'ಅತ್ಯಾ ಅಂತಿದ್ರು' ಅಂತ. ಆಮೇಲೆ ಕೊನೆಗೆ ಹೋಗು ಅಂತ ಆಜ್ಞೆ ಕೊಟ್ಟು, ಅಲ್ಲಿ ಹೊಸ ಬೈಗುಳ ಬರೆಯುವುದು. ಪಾಟಿಯಲ್ಲಿ ಶ್ರೀಕಾರ ತಿದ್ದಿ ಮುಂದಕ್ಕೆ ಹೋಗುವ ಪದ್ಧತಿಯೇ ಅದು. ಮೊದಲು ಮೆಮೊರಿಯ ಸಾಲಿನಲ್ಲಿ ಮಾಡಿ ನೋಡಿದರು. ತಲೆಬರಹದ ಮೇಲೆ ತಲೆಬರಹ ಕೂತಿತು, ಕೆಳಗಿನದು ಕದಲಲಿಲ್ಲ, ಹೊಸದು ಕೊನೆಗೆ ಸೇರಿತು. ಸರಿ ಅದ ಅಂದುಕೊಂಡು, ಮೆಮೊರಿ ಇದ್ದಲ್ಲಿ ಫೈಲ್ ಅಂತ ಬದಲಾಯಿಸಿದರು. ಈ ಪದ್ಧತಿಯನ್ನು ಅವರು ನನಗೆ ಆಗ ಹೇಳಲಿಲ್ಲ. ಆ ಮಷೀನಿನ ಕಡೆ ನಾನು ಬಂದರೆ ಸೆರಗು ಅಡ್ಡ ಹಿಡಿಯುತ್ತಿದ್ದರು.

"ನೋಡಬ್ಯಾಡ. ನಾನೂ ನೋಡಿಲ್ಲ."

"ಬರದದ್ದು ಸರಿ ಬಂದದೋ ಇಲ್ಲೋ ಒಮ್ಮೆರೆ ತೆಗದು ನೋಡ್ರಿ ಬಾಯಾರ."

"ನೈವೇದ್ಯ ಆಗೂಕಿಂತ ಮೊದಲ ರುಚಿ ನೋಡ್ತಾರೇನು?"

ನೈವೇದ್ಯದ ದಿನ ಯಾವುದು ಅಂತ ನನಗೆ ಆಮೇಲೆ ತಿಳಿಯಿತು. ಮಥುರಾಬಾಯಿಯ ವರ್ಷಾಂತಿಕ ಹತ್ತಿರ ಬಂದಿತ್ತು. ಮಾಡುವವನು ತೀರಿಹೋದ ಮೈದುನನ ಮಗ, ಸೊಲ್ಲಾಪುರದಲ್ಲಿದ್ದ ವ್ಯಂಕಟೇಶ. ಅವನು ಅಲ್ಲಿಯೇ ಭಟ್ಟರನ್ನು ಗೊತ್ತು ಮಾಡಿ, ಇವರಿಗೆ ಫೋನಿನಲ್ಲಿ "ಬರೋದಿದ್ರ ಬರ್ರಿ ದೊಡ್ಡವ್ವಾ" ಅಂದಿದ್ದ. ಬರೋದಿದ್ರ ಬರ್ರಿ ಅನ್ನುವುದು ಕರೆಯುವ ರೀತಿಯಲ್ಲ, ಅದು ನನಗೂ ಗೊತ್ತು. ಅಜ್ಜಿಯ ಜೊತೆ ಅವನು ಒಂದು ಹಬ್ಬವನ್ನೂ ಪೂರ್ತಿ ಕಳೆದವನಲ್ಲ. ಇವರು ಆ ಬಾಯಿಯ ಕೆಳಗೇ ಮುದುಕಿಯಾದವರು. ಆದರೂ ಪಿಂಡ ಇಡುವವನು ಅವನು. ಇವರ ಪಾಲಿಗೆ ಇದ್ದದ್ದು ಆ ಫೈಲ್ ಇಟ್ಟಿದ್ದ ಒಂದು ಫ್ಲಾಪಿ.

ವರ್ಷಾಂತಿಕದ ದಿನ ಶುಕ್ರವಾರ, ಕ್ಲಾಸಿಗೆ ರಜೆ. ಅಬ್ಬಾ ನಮಾಜಿಗೆ ಹೋಗಿದ್ದರು. ಕೆಳಗೆ ಅಂಗಡಿಯೂ ಮುಚ್ಚಿತ್ತು. ಬಾಯಾರು ಹೇಳಿದ್ದಕ್ಕೆ ನಾನು ಬೀಗ ತೆಗೆದು ಕೂತಿದ್ದೆ. ಅವರು ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು ಬಂದರು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಚೀಲದಿಂದ ಫ್ಲಾಪಿ ತೆಗೆದು ನನ್ನ ಕೈಗೆ ಕೊಟ್ಟು, "ಇವತ್ತ ನೀನೂ ನೋಡು. ಒಬ್ಬಾಕಿನ ಕೇಳೂದಾಗಂಗಿಲ್ಲ," ಅಂದರು.

ಫೈಲ್ ತೆಗೆದೆ. ಮೇಲೆ 'ಅತ್ಯಾ ಅಂತಿದ್ರು' ಅಂತ ಬಂತು. ಅದರ ಕೆಳಗೆ ಒಂದು ಸಾಲು.

"ನನ್ನ ಮಗನ್ನ ನುಂಗಿ ನೀರು ಕುಡದಾಕಿ ನೀ."

ಅಷ್ಟೇ. ಕೆಳಗೆ ಏನೂ ಇರಲಿಲ್ಲ.

ಬಾಯಾರು ಮಷೀನು ತಡ ಮಾಡುತ್ತಿದೆ ಅಂದುಕೊಂಡು ಕೈ ಕಟ್ಟಿ ಕಾದರು. "ಉಳದಾವು ಬರಾಕತ್ತಾವೇನು?" ಅಂತ ಕೇಳಿದರು. ನಾನು ಅವರ ಪ್ರೋಗ್ರಾಂ ತೆಗೆದು ನೋಡಿದೆ. ಮೊದಲ ಸಾಲು ನೋಡುತ್ತಲೇ ನನಗೆ ತಿಳಿಯಿತು. ಸೇರಿಸಲು ಅಂತ ಎಲ್ಲಿಯೂ ಇರಲಿಲ್ಲ, ದಿನಾ ಬರೆಯಲು ಅಂತಲೇ ತೆಗೆದಿದ್ದರು. ತೆಗೆದಾಗೊಮ್ಮೆ ಹಿಂದಿನದೆಲ್ಲ ಹೋಗಿತ್ತು. ಬರಿದಾದ ಫೈಲಿನಲ್ಲಿ ತಲೆಬರಹ ಬರೆದು, ಕೊನೆಗೆ ಹೋಗು ಅಂದರೆ, ತಲೆಬರಹದ ಕೆಳಗೇ ಕೊನೆ. ಅಲ್ಲಿ ಆ ದಿನದ ಬೈಗುಳ. ಮರುದಿನ ಅದೂ ಇಲ್ಲ.

ಹೇಳದೆ ಇರುವ ಹಾಗಿರಲಿಲ್ಲ. ಹೇಳಿದೆ.

"ತಿದ್ದಿದ್ರ ಅಕ್ಷರ ದಪ್ಪ ಆಗತದ," ಅಂದರು ಅವರು. ನನಗಲ್ಲ, ಪರದೆಗೆ ಅಂದಂತಿತ್ತು. "ಹಳೇದು ಹೋಗಂಗಿಲ್ಲ. ಒಳಗ ಇರ್ತದ."

"ಮೆಮೊರಿಯೊಳಗ ಹಂಗ ಆಗತದ್ರಿ. ಫೈಲಿನಾಗ ಇಲ್ಲ."

"ಅಂದ್ರ ದಿನಾ ಪಾಟಿ ಒರಸಾಕತ್ತಿದ್ದೆ."

"ಹೌದ್ರಿ."

ನಾನು ನನಗೆ ಬರುವ ಎಲ್ಲ ಉಪಾಯ ಮಾಡಿದೆ. ಫ್ಲಾಪಿಯನ್ನು ಬೇರೆ ಮಷೀನಿಗೆ ಹಾಕಿ ಹುಡುಕಿದೆ. ಈ ಭಾಷೆ ಕಟ್ಟಿದವನನ್ನು, ಅಳಿಸುವ ಮೊದಲು ಒಂದು ಮಾತು ಕೇಳಬಾರದೇ ಅಂತ, ಉರ್ದುವಿನಲ್ಲಿ ಬಾಯಿಗೆ ಬಂದಂತೆ ಬೈದೆ. ಬಾಯಾರು ನನ್ನ ಬೈಗುಳವನ್ನು ಕೈ ಮಾಡಿ ನಿಲ್ಲಿಸಿದರು.

"ಇದನ್ನ ನಿನ್ನೆ ಬರದೆ," ಅಂದರು ಆ ಸಾಲನ್ನು ತೋರಿಸಿ. "ಎಲ್ಲಾದಕ್ಕಿಂತ ಕಡೀಕ ಇಟ್ಟಿದ್ದೆ. ಬರೀಲೋ ಬ್ಯಾಡೋ ಅಂತ ಭಾಳ ದಿನ ಆಗಿತ್ತು. ಬಿಟ್ರ ಸುಳ್ಳು ಆಗತದ ಅಂತ ಬರದೆ. ಸಿಟ್ಟು ನೆತ್ತಿಗೇರಿದಾಗ ಅಂತಿದ್ರು ಅದನ್ನ. ಅವರಿಗೂ ಮಗ ಅಲ್ಲೇನು."

ನಾನು ಹೂಂ ಅಂದೆ.

"ಈಗ ಇದೊಂದ ಉಳೀತು ನೋಡು ಶಮ್ಸೂ. ನಾಳೆ ಯಾರರೆ ತೆಗದು ಓದಿದ್ರ, ಮಥುರಾಬಾಯಿ ಅಂದ್ರ ಇಷ್ಟ ಅಂತಾರ."

ಅವರ ಧ್ವನಿ ಆಗ ಒಡೆಯಿತು. ಅತ್ತೆ ಸತ್ತಾಗಲೂ ಇವರು ಅಳಲಿಲ್ಲ ಅಂತ ಓಣಿಯವರು ಆಡಿಕೊಂಡಿದ್ದು ನನ್ನ ಕಿವಿಗೂ ಬಿದ್ದಿತ್ತು. ಈಗಲೂ ಕಣ್ಣೀರು ಬರಲಿಲ್ಲ, ಧ್ವನಿ ಮಾತ್ರ ಹೋಯಿತು. ನಾನು ಆ ಸಾಲನ್ನು ಅಳಿಸಿಬಿಡಲೇ ಅಂತ ಕೇಳಿದೆ. ಬೇಡ ಅಂತ ತಲೆ ಆಡಿಸಿದರು. ಹಾಗಾದರೆ ಎಲ್ಲವನ್ನೂ ಮತ್ತೆ ಹೇಳಿರಿ, ನಾನು ಟೈಪ್ ಮಾಡುತ್ತೇನೆ, ಈ ಸಲ ಒಂದೂ ಹೋಗದ ಹಾಗೆ ನೋಡಿಕೊಳ್ಳುತ್ತೇನೆ ಅಂದೆ. ಅವೆಲ್ಲ ಅವರಿಗೆ ಬಾಯಿಪಾಠವೇ ಇದ್ದವು.

ಅದಕ್ಕೂ ಅವರು ಒಪ್ಪಲಿಲ್ಲ. "ಆ ಬೈಗುಳ ನನಗಂತ ಬೈದದ್ದು. ನನ್ನ ಜೋಡಿ ಇರಲಿ, ನನ್ನ ಜೋಡಿ ಹೋಗಲಿ. ಮುಟ್ಟಲಾರದ ಸೇರಸೋದು ಹೆಂಗ ಅಂತ ಹೇಳಿದ್ದಿ, ಅದನ್ನ ತೋರಸು."

ಪ್ರೋಗ್ರಾಮಿನಲ್ಲಿ ಬರೆಯಲು ಅಂತ ಇದ್ದದ್ದನ್ನು ಸೇರಿಸಲು ಅಂತ ತಿದ್ದಿ, ತಲೆಬರಹ ಮತ್ತೆ ಬರೆಯುವ ಆಜ್ಞೆಯನ್ನು ಅಳಿಸಿ, ಕುರ್ಚಿ ಬಿಟ್ಟುಕೊಟ್ಟೆ. ಅವರು ಒಂದೊಂದೇ ಕೀಲಿ ಹುಡುಕಿ ಒತ್ತಿದರು. ಹಿಂದಿನ ಸಾಲು ಇದ್ದಲ್ಲೇ ಇದೆಯೇ ಅಂತ ಫೈಲ್ ತೆಗೆದು ನೋಡಿದರು. ಇತ್ತು. ಅದರ ಕೆಳಗೆ ಈಗ ಇನ್ನೊಂದು ಸಾಲು ಕೂತಿತ್ತು.

"ಉಣ್ಣ ಬಾ ಬೇ, ಆರಿ ಹೋಗತದ."

"ಎಂಥಾ ಬೈಗುಳ ಬೈದ್ರೂ ಹಿಂದಿಂದ ಇದು ಬರ್ತಿತ್ತು," ಅಂದರು. "ಬೈಯ್ಯೋದು ಮುಗೀತು ಅಂತ ನನಗ ಗೊತ್ತಾಗೋದು ಇದರಿಂದನ. ನಾ ಇದನ್ನ ಒಮ್ಮೆನೂ ಬರದಿದ್ದಿಲ್ಲ ನೋಡು. ಬೈಗುಳ ಅಲ್ಲಲ್ಲ ಅಂತ ಬಿಟ್ಟಿದ್ದೆ."

ಆಮೇಲೆ ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಕೈ ಮಡಿಲಲ್ಲಿಟ್ಟು, ನೆಟ್ಟಗೆ ಕೂತರು. "ನೀ ಓದು. ಜೋರಲೆ ಓದು. ವರ್ಷ ಆತು ಈ ಮಾತು ಕಿವಿ ಮ್ಯಾಲ ಬಿದ್ದು."

ನಾನು ಮೊದಲ ಸಾಲನ್ನು ಮೆತ್ತಗೆ ಓದಿದೆ. ಅಂಥ ಮಾತನ್ನು ಜೋರಾಗಿ ಓದಲು ನನಗೆ ನಾಲಿಗೆ ಏಳಲಿಲ್ಲ.

"ಹಂಗಲ್ಲ. ಸಿಟ್ಟಿಲೆ. ಹುಡುಗರಿಗಿ ಬೈತೀ ಅಲ್ಲ, ಹಂಗ."

ನಾನು ಮತ್ತೆ ಓದಿದೆ. ಈ ಸಲ ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಸೊಲ್ಲಾಪುರದ ವ್ಯಂಕಟೇಶನ ಮೇಲೆ, ಆ ಫ್ಲಾಪಿಯ ಮೇಲೆ, ಇಷ್ಟು ವರ್ಷ ಇವರಿಗೆ ಬೇರೆ ಯಾರೂ ಸಿಗದೆ ಹೋದದ್ದರ ಮೇಲೆ. ಖಾಲಿ ಕ್ಲಾಸಿನ ಗೋಡೆಗೆ ಬಡಿದು ಧ್ವನಿ ವಾಪಸು ಬಂತು. ಬಾಯಾರು ಅಲುಗಲಿಲ್ಲ. ಅದೇ ಉಸಿರಿನಲ್ಲಿ, ಅದೇ ಸಿಟ್ಟಿನಲ್ಲಿ ಎರಡನೆಯ ಸಾಲು ಓದಿದೆ.

"ಉಣ್ಣ ಬಾ ಬೇ, ಆರಿ ಹೋಗತದ."

"ಬಂದೆನ್ರಿ ಅತ್ಯಾ," ಅಂದರು ಸರಸ್ವತಿಬಾಯಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತರು. ಎದ್ದು ನಿಂತ ಮೇಲೆ ಎಲ್ಲಿಗೆ ಹೋಗಬೇಕು ಅಂತ ಅವರಿಗೆ ತಿಳಿಯಲಿಲ್ಲ.